ಒಂದು ಬೀಡಿಗೂ ಇನ್ನೊಂದು ಎಲೆಗೂ ನಡುವೆ

ವೇದಿಕೆಯ ಮೇಲೆ ಆರಡಿ ಎತ್ತರದ ಗಂಡಸೊಬ್ಬ ನೀಲಿ ಸೀರೆ ಉಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ. ಮೊರದಲ್ಲಿ ಎಲೆಯೂ ಇಲ್ಲ, ತಂಬಾಕೂ ಇಲ್ಲ. ಬೆರಳುಗಳು ಮಾತ್ರ ಓಡುತ್ತಿದ್ದವು. ಪಟಪಟ ಇಂಗ್ಲಿಷ್ ಆಡುತ್ತಿದ್ದವನು ನಡುವೆ ತಲೆಯೆತ್ತಿ, “ಯಾಕ ಬೇ, ಹಂಗ್ಯಾಕ ಕಣ್ ಬಿಟ್ಟ ನೋಡಾಕತ್ತಿ? ನಿಮ್ಮವ್ವ ಬೀಡಿ ಕಟ್ಟಿಲ್ಲೇನ?” ಅಂದ. ಇಂಗ್ಲೆಂಡಿನ ಲೆಸ್ಟರ್ ಊರಿನ ಆ ಹಾಲ್‌ನಲ್ಲಿ ಆ ಮಾತು ತಿಳಿದದ್ದು ನನಗೊಬ್ಬಳಿಗೇ. ಟೀ ಕಪ್ಪು ಕೆಳಗಿಟ್ಟು ಮುಂದಕ್ಕೆ ಬಾಗಿದೆ.

ಪತಿ ಹೋದ ಮೇಲೆ ನಿಪ್ಪಾಣಿಯ ಮನೆಗೆ ಬೀಗ ಹಾಕಿ, ಇಲ್ಲಿ ನರ್ಸ್ ಆಗಿರುವ ಮಗಳು ಸುಧಾಳ ಹತ್ತಿರ ಬಂದು ಮೂರು ವರ್ಷವಾಯಿತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಸಾಕು ಅಂದುಕೊಂಡಿದ್ದೆ. ಮೊದಲ ದಿನವೇ ಬಸ್ ಡ್ರೈವರ್ ನನ್ನನ್ನು ‘ಮಿ ಡಕ್’ ಅಂದ. ಬಾತುಕೋಳಿ ಅಂದನಲ್ಲ ಎಂದು ಮನೆಗೆ ಬಂದು ಅತ್ತೆ. ನಮ್ಮಲ್ಲಿ ಗುರುತಿಲ್ಲದವರನ್ನೂ ‘ಅವ್ವಾ’ ಅನ್ನುವಂತೆ ಇಲ್ಲಿ ಅದು ಅಕ್ಕರೆಯ ಮಾತಂತೆ. ನನ್ನ ಲೋನ್ಲಿನೆಸ್ ನೋಡಲಾರದೆ ಸುಧಾ ಆ ಭಾನುವಾರದ ಮಧ್ಯಾಹ್ನ ಡ್ರ್ಯಾಗ್ ಶೋಗೆ ಕರೆದೊಯ್ದಿದ್ದಳು. ಗಂಡಸರು ಹೆಣ್ಣುವೇಷ ಹಾಕಿ ಹಾಡಿ ನಗಿಸುವ ಆಟ ಅದು.

ಆಟ ಮುಗಿದ ಮೇಲೆ ಆ ಸೀರೆಯವನ ಹತ್ತಿರ ಹೋಗಿ, “ಯಾವ ಊರಾಂವಪ್ಪಾ?” ಅಂದೆ. ಅವನ ಮುಖ ಬಿಳುಚಿತು. “ನಿಪ್ಪಾಣಿರಿ. ಯಾರಿಗೂ ಹೇಳಬ್ಯಾಡ್ರಿ.”

ಹೆಸರು ಅಲ್ತಾಫ್. ವೇದಿಕೆಯ ಮೇಲೆ ‘ನಿಪ್ಪಾಣಿ ಬೇಗಂ’. ಮುಂಬೈಯಲ್ಲಿ ಅಡುಗೆ ಕಲಿತು, ಹಡಗಿನ ಕಿಚನ್‌ನಲ್ಲಿದ್ದು, ಇಲ್ಲಿ ಮುದುಕರ ಹೋಮ್ ಒಂದರಲ್ಲಿ ಅಡುಗೆಯವನಾದ. ಅಲ್ಲಿಯ ಕ್ರಿಸ್‌ಮಸ್ ಪಾರ್ಟಿಯಲ್ಲಿ ನರ್ಸ್ ಒಬ್ಬಳ ಗೌನು ಹಾಕಿ ಕುಣಿದದ್ದೇ ಮೊದಲ ಆಟ. ಸೀರೆ ಬಂದದ್ದು ಆಮೇಲೆ. ಸೀರೆ ಬಂದ ದಿನ, ಊರಿನಲ್ಲಿ ಬೀಡಿ ಕಟ್ಟುವ ಅವನ ಅಮ್ಮಿಯೂ ಆಟದೊಳಗೆ ಬಂದಳು: ಅವಳ ಕೂರುವಿಕೆ, ಅವಳ ಬೈಗುಳ, ಅವಳ ಕೈ. ವಿಗ್‌ಗಳು ಕಣ್ಣಿಗೆ ಬಿದ್ದ ದಿನವೇ ಮನೆಯ ಮಾಲೀಕ ಅವನನ್ನು ಹೊರಗೆ ಹಾಕಿದ. ಈಗ ಬಾಕ್ಸ್ ರೂಮಿನಲ್ಲಿದ್ದಾನೆ, ಒಂದು ಮಂಚ ಹಿಡಿಸಿದರೆ ಬಾಗಿಲು ಪೂರ್ತಿ ತೆರೆಯದ ಕೋಣೆ. ನಾನು ಜೋಳದ ರೊಟ್ಟಿ ಒಯ್ದರೆ ಮಂಚದ ಮೇಲೆಯೇ ಕುಳಿತು ತಿನ್ನುತ್ತಾನೆ. ಚಿಕ್ಕಮ್ಮನನ್ನು ಕರೆದಂತೆ ನನ್ನನ್ನು ‘ಮೌಶಿ’ ಅನ್ನುತ್ತಾನೆ.

“ಶುಕ್ರವಾರ ಮಸೀದ್ಯಾಗ ನನ್ನ ತೀಡಿದ ಹುಬ್ಬ ನೋಡಿ ಸರದ ನಿಂದರತಾರ ಮೌಶಿ,” ಅಂದ ಒಮ್ಮೆ. “ಆಟದ ಮೇಕಪ್ ರೂಮಿನ್ಯಾಗ ಜೋಡಿಯವ್ರು, ನೀ ಇನ್ನೂ ನಮಾಜ್ ಮಾಡ್ತೀಯಾ ಅಂತ ನಗತಾರ.”

ಇಲ್ಲಿ ನೆಲೆಸುವ ಕಾಗದಪತ್ರ ಇತ್ಯರ್ಥವಾಗುವ ತನಕ ಅವನು ದೇಶ ಬಿಡುವಂತಿಲ್ಲ. ಎಂಟು ವರ್ಷದಿಂದ ಫೋನಿನಲ್ಲಿ ಅಮ್ಮಿಯ ಹಣೆ ಮಾತ್ರ ಕಾಣುತ್ತದೆ. ಅಷ್ಟು ಹತ್ತಿರ ಹಿಡಿಯುತ್ತಾಳೆ. ಅವಳ ಪಾಲಿಗೆ ಮಗ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ.

ಕಳೆದ ಚಳಿಗಾಲ ನಾನು ಊರಿಗೆ ಹೊರಟಾಗ ಅವನು ಕೇಳಿದ್ದು ಒಂದೇ. “ಒಂದು ಬೀಡಿ ಕಟ್ಟಿ ಇನ್ನೊಂದು ಎಲಿ ಹಿಡಿಯೂದ್ರಾಗ ಅಮ್ಮಿ ಏನೋ ಒಂದ ಮಾಡತಾಳ ಮೌಶಿ. ನನಗ ನೆನಪಾಗವಲ್ದು. ಅಲ್ಲಿ ನನ್ನ ಆಟ ಸುಳ್ಳ ಬೀಳತೈತಿ. ಒಂದು ವಿಡಿಯೊ ತಗೊಂಡ ಬರ್ರಿ.”

ತಂಬಾಕು ವ್ಯಾಪಾರದ ಮನೆಯ ಸೊಸೆಯಾಗಿ ನಲವತ್ತು ವರ್ಷ ನಿಪ್ಪಾಣಿಯಲ್ಲಿದ್ದವಳು, ಬೀಡಿ ಕಟ್ಟುವವರ ಓಣಿಗೆ ಕಾಲಿಟ್ಟದ್ದು ಲೆಸ್ಟರ್‌ನಿಂದ ಹೋದಾಗಲೇ. ಶೇಮ್ ಅನ್ನಿಸಿತು.

ಅವನ ತಾಯಿ ಹಸೀನಾಬಿ ನನ್ನನ್ನು ಕಂಡವಳೇ ಮೊರವನ್ನು ಮಂಚದ ಕೆಳಗೆ ತಳ್ಳಿದಳು. ಅಲ್ತಾಫ್‌ಗೆ ಒಂದು ವಿಡಿಯೊ ಬೇಕಂತೆ ಅಂದೊಡನೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಬ್ಯಾಡ್ರಿ ಬಾಯಾರ. ನಿನ್ನ ಅಂಗಿ ತಂಬಾಕ ನಾರತೈತಿ ಅಂತ ಸಾಲ್ಯಾಗ ಅಂದಿದ್ರಂತ, ನನ್ನ ಮಗಾ ಅಳಕೋತ ಬಂದಿದ್ದ. ಅವಗ ಇದೆಲ್ಲಾ ನಾಚಕಿ. ಫೋನ್ ಬಂದ್ರ ನಾ ಮೊರಾ ತೋರಸೂದಿಲ್ಲ.”

“ಅವನೇ ಕೇಳ್ಯಾನ ಹಸೀನಾಬಿ. ನಿಮ್ಮ ಕೈ ನೋಡಬೇಕಂತ.”

ಅವಳು ಕೈಗಳನ್ನು ಹೊರತೆಗೆದು, ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. “ಹೋಟೆಲ್ಲಿನ್ಯಾಗ ಅವಗ ಏನ್ ಕೆಲಸರಿ?”

ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. “ಮಂದೀನ ನಗಸತಾನ,” ಅಂದೆ.

“ಸಣ್ಣಾಂವಿದ್ದಾಗೂ ಹಂಗ. ನನ್ನ ಅಣಕಸತಿದ್ದ,” ಎಂದು ಮೊರ ಎಳೆದುಕೊಂಡಳು. ಅಷ್ಟು ಹತ್ತಿರ ಬಂದ ಮಾತನ್ನು ನಾನು ಮುಂದುವರಿಸಲಿಲ್ಲ. ಆ ಸತ್ಯ ಹೇಳುವ ಹಕ್ಕು ನನ್ನದಲ್ಲ ಅಂದುಕೊಂಡೆ. ಈಗ ಅದು ಹೇಡಿತನವೂ ಇರಬಹುದು ಅನ್ನಿಸುತ್ತದೆ.

ಬಾಕ್ಸ್ ರೂಮಿನಲ್ಲಿ ಅಲ್ತಾಫ್ ಆ ವಿಡಿಯೊ ನೋಡಿದ. ಅವಳು ಎಲೆ ಸುತ್ತುತ್ತಾಳೆ, ನೂಲು ಬಿಗಿಯುತ್ತಾಳೆ, ಬೀಡಿಯನ್ನು ಮೊರಕ್ಕೆ ಹಾಕಿ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ. ಆಮೇಲೆ ಇನ್ನೊಂದು ಎಲೆ. ಮತ್ತೆ ಬಾಗಿಲು.

“ಸಿಕ್ಕಿತೇನು?” ಅಂದೆ.

“ಸಿಕ್ಕಿತ್ರಿ.” ವಿಡಿಯೊ ಇನ್ನೊಮ್ಮೆ ಹಚ್ಚಿ ಹೇಳಿದ, “ಖರೇ ಅಂದ್ರ ಆವಾಗ ಬಾಗಲಾ ನೋಡತಿರಲಿಲ್ಲ ಮೌಶಿ. ನಾ ಎದರೀಗೆ ಕುಂತಿರತಿದ್ದೆ. ನನ್ನ ನೋಡತಿದ್ಲು.”

ಈಗ ಭಾನುವಾರದ ಆಟದಲ್ಲಿ ನಿಪ್ಪಾಣಿ ಬೇಗಂ ಪ್ರತಿ ಬೀಡಿಯ ನಂತರ ತಲೆಯೆತ್ತಿ ಬಾಗಿಲು ನೋಡುತ್ತಾಳೆ. ಮುದುಕಿಗೆ ಯಾರೋ ಪ್ರಿಯಕರ ಬರುವವನಿದ್ದಾನೆ ಎಂದು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವನು ನಗಲು ಬಿಡುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ ನಾನು ಪ್ರತಿ ಸಲವೂ ತಿರುಗಿ ನೋಡುತ್ತೇನೆ. ‘ಎಕ್ಸಿಟ್’ ಎಂದು ಬರೆದ ಹಸಿರು ದೀಪದ ಕೆಳಗೆ ಬಾಗಿಲು ಮುಚ್ಚಿರುತ್ತದೆ. ಊರಿನಲ್ಲಿ ನಾನೇ ಬೀಗ ಹಾಕಿ ಬಂದ ಬಾಗಿಲಿನ ಬಣ್ಣ ಆ ಹೊತ್ತಿಗೆ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.