ಸ್ವಿಚ್ ಮೇಡಂ ಸಹಿ ಹಾಕದ ಪ್ರಬಂಧ

ಹಳೇ ರೇಡಿಯೊ ಹಚ್ಚಿದ ಕೂಡಲೇ ಬರುವ ‘ಚಟ್’ ಸದ್ದು ಹಾಡಲ್ಲ. ಇದು ಮಕ್ಕಳಿಗೂ ಗೊತ್ತು. ಇಷ್ಟನ್ನು ಒಬ್ಬ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ ಹೇಳಲು ಹೋಗಿ ನನ್ನ ಅತ್ತಿಗೆ ಕೆಲಸಕ್ಕೇ ಕುತ್ತು ತಂದುಕೊಂಡಿದ್ದಾರೆ.

ಅತ್ತಿಗೆ ಆ ವಿಭಾಗದಲ್ಲಿ ಹದಿಮೂರು ವರ್ಷದಿಂದ ತಾತ್ಕಾಲಿಕ ಅಧ್ಯಾಪಕಿ. ಮುಖ್ಯಸ್ಥರು ಶಿಫಾರಸು ಬರೆದರೆ ಮುಂದಿನ ವರ್ಷ ಉಂಟು, ಇಲ್ಲದಿದ್ದರೆ ಇಲ್ಲ. ಮೆಟ್ಟಿಲ ಕೆಳಗಿನ ಕೋಣೆ, ಒಂದು ಕಾಲು ಗಿಡ್ಡವಾದ ಮೇಜು, ಹಳೇ ಪ್ರಶ್ನೆಪತ್ರಿಕೆಗಳ ರಾಶಿ. ಅವುಗಳ ಖಾಲಿ ಬೆನ್ನ ಮೇಲೆ ಇವರ ಲೆಕ್ಕ.

ಕಣ ಪತ್ತೆಹಚ್ಚುವ ಯಂತ್ರದ ಲೆಕ್ಕ ಅದು. ಯಂತ್ರ ಅಂದರೆ ಕಬ್ಬಿಣ, ತಂತಿ ಏನೂ ಇಲ್ಲ. ಪೂರಾ ಕಾಗದದ ಮೇಲಿನದು. ಅದಕ್ಕೆ ಎರಡೇ ಸ್ಥಿತಿ, ಕೆಳಗಿನದು ಮತ್ತು ಮೇಲಿನದು. ಕೆಳಗೆ ಕೂರಿಸಿ, ಕಣಗಳಿಗೆ ಮೂಲವಾದ ಕ್ಷೇತ್ರಕ್ಕೆ, ಅಂದರೆ ಫೀಲ್ಡಿಗೆ, ಜೋಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಬೇಕು. ಮೇಲಕ್ಕೆ ಹಾರಿದ್ದರೆ ಕಣ ಸಿಕ್ಕಿತು ಅಂತ ಅರ್ಥ. ಈ ಜೋಡಿಸಿ ಬಿಚ್ಚುವುದೇ ಸ್ವಿಚ್. “ಮೊದಲು ಸ್ವಿಚ್ ನೋಡ್ರಪ್ಪಾ” ಎಂದು ತಲೆ ತಿನ್ನುವುದರಿಂದ ವಿದ್ಯಾರ್ಥಿಗಳ ಬಾಯಲ್ಲಿ ಅತ್ತಿಗೆ ಸ್ವಿಚ್ ಮೇಡಂ.

ವೇಗ ಹೆಚ್ಚಿಸಿಕೊಳ್ಳುತ್ತಾ ಸಾಗುವ ಯಂತ್ರ ಬರಿದಾದ ಜಾಗದಲ್ಲೂ ಕಣ ಹಿಡಿಯುತ್ತದೆ ಎಂಬುದು ಭೌತವಿಜ್ಞಾನದಲ್ಲಿ ಹಳೇ ಮಾತು. ಎಲ್ಲರೂ ಹೇಳಿದ್ದಕ್ಕಿಂತ ಹೆಚ್ಚೇ ಹಿಡಿಯುತ್ತದೆ ಎಂದು ಮುಖ್ಯಸ್ಥರು ಪ್ರಬಂಧ ಬರೆದರು. ಅತ್ತಿಗೆಯ ಹೆಸರನ್ನೂ ಸೇರಿಸಿ ಸಹಿಗೆ ಕಳಿಸಿದರು. ಅತ್ತಿಗೆ ಅದೇ ಲೆಕ್ಕದಲ್ಲಿ ಯಂತ್ರವನ್ನು ಸುಮ್ಮನೆ ನಿಲ್ಲಿಸಿ ನೋಡಿದರು. ನಿಂತ ಯಂತ್ರ ಬರಿದಾದ ಜಾಗದಲ್ಲಿ ಏನನ್ನೂ ಹಿಡಿಯಬಾರದು. ಆದರೆ ಆ ಹೆಚ್ಚಿನ ಪಾಲು ಅಲ್ಲೂ ಜಗ್ಗದೆ ಕೂತಿತ್ತು. ಮುಖ್ಯಸ್ಥರು ಯಂತ್ರವನ್ನು ಪಟ್ಟನೆ ಜೋಡಿಸಿ ಪಟ್ಟನೆ ಬಿಚ್ಚಿದ್ದರು; ಆ ಏಟಿಗೇ ಅದು ಹಾರಿತ್ತು. ಎರಡನ್ನೂ ನಿಧಾನವಾಗಿ ಮಾಡಿದಾಗ ಮಹಾಶೋಧ ಮಂಗಮಾಯ. ಇದನ್ನೆಲ್ಲ ಹನ್ನೊಂದು ಪುಟದಲ್ಲಿ ಬರೆದು ಒಯ್ದರು.

ಮುಖ್ಯಸ್ಥರು ಪುಟ ತಿರುವಲೂ ಇಲ್ಲವಂತೆ. “ನಿಮ್ಮ ಶಿಫಾರಸು ಇನ್ನೂ ನನ್ನ ಮೇಜಿನ ಮೇಲಿದೆ ಮೇಡಂ, ನೆನಪಿರಲಿ.”

“ಇರಲಿ ಸರ್. ನನ್ನ ಹೆಸರು ತೆಗೀರಿ. ನೀವೇ ಕೊಟ್ಟ ಏಟನ್ನ ಕಣ ಅಂತ ನಾನು ಹೇಳಲ್ಲ.”

ಹೆಸರು ತೆಗೆದರು, ಶಿಫಾರಸನ್ನೂ ತಡೆದರು. ಬಸ್ ಕಂಡಕ್ಟರ್ ಆಗಿರುವ ನಮ್ಮಣ್ಣ ಊಟಕ್ಕೆ ಕೂತಾಗ ಕಾಲೆಳೆದ: “ಇಲ್ಲದ ಯಂತ್ರಕ್ಕೋಸ್ಕರ ಇರೋ ಕೆಲಸ ಕಳ್ಕೋತಾಳೆ ನೋಡು ನಿಮ್ಮತ್ತಿಗೆ.”

“ಯಂತ್ರ ಇಲ್ಲ, ಒಪ್ಪಿದೆ. ತಪ್ಪು ಇದೆಯಲ್ಲ?” ಅಂದರು ಅತ್ತಿಗೆ. ಅಣ್ಣ ನಕ್ಕು, ಮೇಲ್ಮನವಿಯ ಅರ್ಜಿಯನ್ನು ತಾನೇ ಒಯ್ದು ಕೊಟ್ಟು ಬಂದ.

ಈಗ ಅದು ಆಯ್ಕೆ ಸಮಿತಿಯ ಮುಂದಿದೆ. ಕಡತದಲ್ಲಿ ‘ಸಹಕಾರ ಮನೋಭಾವ ಇಲ್ಲ’ ಎಂಬ ಒಂದು ಸಾಲಿದೆ, ಹನ್ನೊಂದು ಪುಟ ಇಲ್ಲ. ಅತ್ತಿಗೆಗೆ ಭಯವಿಲ್ಲ. ಓದಿದವರು ಯಾರೇ ಆದರೂ ಒಪ್ಪಲೇಬೇಕಾದ ಲೆಕ್ಕ ಅದು ಎಂಬ ಧೈರ್ಯ ಅವರಿಗೆ. ಓದುವವರು ಬೇಕು, ಅಷ್ಟೇ.

ಸಮಿತಿಯವರೇ, ನನ್ನನ್ನು ಬೈಯಲಿಕ್ಕಾದರೂ ಈ ಅಂಕಣ ಓದುತ್ತೀರಿ, ಬಲ್ಲೆ. ಆ ಒಂದು ಸಾಲಿನ ಕೆಳಗೆ ಸಹಿ ಹಾಕುವ ಮೊದಲು ಹನ್ನೊಂದು ಪುಟಗಳನ್ನೂ ತರಿಸಿಕೊಳ್ಳಿ. ತಪ್ಪಿದ್ದರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಿ. ತೋರಿಸಲಾಗದಿದ್ದರೆ ಅವರ ಕೆಲಸ ಅವರಿಗೆ ಕೊಡಿ.