ಜೈಬುನ್‌ಳನ್ನು ನಾನು ಸಾಯಿಸಿದ ಮಧ್ಯಾಹ್ನ

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ: ಇಡೀ ಶಹಾಬಾದಿನಲ್ಲಿ ಸೀಳುತುಟಿಯಿಂದ ಸತ್ತ ಒಂದೇ ಒಂದು ಕೂಸು ನನ್ನ ಮಡಿಲಲ್ಲೇ ಸತ್ತಿತು. ಈಗಷ್ಟೇ ತಂಗಿ ಪೌಡರ್ ಡಬ್ಬಿ ತೆರೆದಳು. ಆ ವಾಸನೆಗೆ ಎರಡು ವರ್ಷದ ಹಿಂದಿನ ರವಿವಾರ ಎದ್ದು ಕೂತಿತು.

ನಮ್ಮ ಓಣಿಯ ಮಹಬೂಬ್ ಚಾಚಾ ಹಾಸುಗಲ್ಲು ತೆಗೆಯುವ ಫರ್ಸಿ ಖಣಿಯಲ್ಲಿ ಕಲ್ಲು ಒಡೆಯುವವರು. ಅವರ ಮೂರು ವರ್ಷದ ಮಗಳು ಜೈಬುನ್‌ಗೆ ಹುಟ್ಟಿನಿಂದಲೇ ಮೇಲ್ದುಟಿ, ಅಂಗುಳ ಎರಡೂ ಸೀಳಿದ್ದವು. ಕುಡಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಸೋಲಾಪುರದ ಡಾಕ್ಟರು ಹೇಳಿದ ಆಪರೇಷನ್ ಖರ್ಚು ಅವರ ಕೈಗೆ ಎಟುಕುವಂಥದ್ದಲ್ಲ. ನಾವು ಗಂಡುಹುಡುಗರೇ ಸೇರಿ ಶಾಲೆಯ ಅಂಗಳದಲ್ಲಿ ಸಹಾಯಾರ್ಥ ನಾಟಕ ಆಡಿದೆವು. ಕತೆ ಅವಳದೇ. ತಾಯಿಯ ಪಾತ್ರ, ಸೀರೆ ಪೌಡರ್ ಸಮೇತ, ನನ್ನದು. ಊರಿನಲ್ಲಿ ನನ್ನಷ್ಟು ಚೆಲುವೆ ಇನ್ನೊಬ್ಬಳಿರಲಿಲ್ಲವಲ್ಲ! ಕೂಸಿನ ಪಾತ್ರ ಒಂದು ತಲೆದಿಂಬಿನದು. ಅದು ನನಗಿಂತ ಸಹಜವಾಗಿ ಅಭಿನಯಿಸಿತೆಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ.

ನಮ್ಮ ಕಡೆ ನಾಟಕದಲ್ಲಿ ಆಯೇರಿ ಮಾಡುವುದುಂಟು: ಮೆಚ್ಚಿದವರು ನಡುವೆಯೇ ಎದ್ದು ಬಂದು ಪಾತ್ರಧಾರಿಯ ಎದೆಗೆ ನೋಟು ಚುಚ್ಚಿ ಹೋಗುತ್ತಾರೆ. ನಾನು ಅತ್ತೆ, ಒಂದು ನೋಟು ಬಂತು. ಉರುಳಾಡಿ ಅತ್ತೆ, ಮೂರು ಬಂದವು. ದಿಂಬಿಗೆ ಜ್ವರ ಬರಿಸಿದೆ, ಫಿಟ್ಸ್ ಬರಿಸಿದೆ. ಪರದೆಯ ಹಿಂದಿನಿಂದ ಗೆಳೆಯ ಬಸಣ್ಣ ಹಲ್ಲು ಕಡಿದ: “ಲೇ, ಆಪರೇಷನ್ ಸೀನಿಗಿ ಬಾರಲೇ! ಡಾಕ್ಟರ್ ಕೋಟು ಹಾಕ್ಕೊಂಡು ಬೆವರಾಕತ್ತಾನ!”

ಯಾರು ಕೇಳಬೇಕು? ಜ್ವರಕ್ಕೇ ಇಷ್ಟು ಬಂದರೆ, ಸತ್ತರೆ ಎಷ್ಟು! “ಹೋದ್ಯಾ ನನ್ನ ಕಂದಾ!” ಎಂದು ಚೀರಿ ದಿಂಬನ್ನು ಕೆಳಗಿಟ್ಟೆ. ಇಡೀ ಅಂಗಳ ಬಿಕ್ಕಿತು.

ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮಹಬೂಬ್ ಚಾಚಾ ರಂಗದ ಮೇಲೆ ಬಂದರು. ಹೆಗಲ ಮೇಲೆ ಜೈಬುನ್, ಅವಳ ಕೈಯಲ್ಲಿ ಅರ್ಧ ಪೇರಲಹಣ್ಣು.

“ಬಸ್ ಮಾಡೋ ಬೇಟಾ,” ಎಂದರು ಮೆಲ್ಲಗೆ. ಆಮೇಲೆ ಮಂದಿಯತ್ತ ತಿರುಗಿದರು. “ನನ್ನ ಮಗಳು ಜಿಂದಾ ಅದಾಳ್ರಿ. ಸತ್ತಾಕಿಗಿ ಕೊಟ್ಟಿದ್ದು ವಾಪಸ್ ತಗೋರಿ. ಈಕಿ ನಗೋದು ನೋಡಬೇಕನ್ನೋರು ಈಕಿ ಕೈಯಾಗೇ ಕೊಡ್ರಿ.”

ನನ್ನ ಎದೆಯ ನೋಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಕೊಟ್ಟವರ ಕೈಗೇ ತಿರುಗಿ ಇಟ್ಟರು. ಕೊನೆಗೆ ಶೇಂಗಾ ಮಾರುವ ಮುದುಕಿ ಎದ್ದು ಬಂದು ಜೈಬುನ್‌ಳ ಕೈಗೆ ನೋಟು ಇಟ್ಟಳು.

“ಹಿಡಿಯವ್ವಾ. ಬಾಯಿ ನೆಟ್ಟಗಾದ ಮ್ಯಾಲ ನನ್ನ ಶೇಂಗಾ ತಿನ್ನಾಕ ಬಾ.”

ಅವಳ ಹಿಂದೆ ಸಾಲು ಬೆಳೆಯಿತು. ಬಸಣ್ಣ ನಿಂತ, ಡಾಕ್ಟರ್ ಕೋಟಿನವನೂ ನಿಂತ. ನನ್ನನ್ನು ನೋಡಲು ಒಬ್ಬರೂ ಉಳಿಯಲಿಲ್ಲ. ಸೀರೆ ಎತ್ತಿ ಕಟ್ಟಿ, ನಾನೂ ಹೋಗಿ ಎಲ್ಲರಿಗಿಂತ ಹಿಂದೆ ನಿಂತೆ.