ಪೇನ್‌ಗೀನ್ ಉಂಟಾ

ನಮ್ಮ ಮನೆ ತೋಡಾರಿನಲ್ಲಿ, ಮಂಗಳೂರು ರಸ್ತೆಗೆ ತಾಗಿಕೊಂಡು. ಮೂಡುಬಿದಿರೆ ಹತ್ತಿರವಾದ್ದರಿಂದ ಅಲ್ಲಿ ಕಾಲೇಜು ಓದಲು ಬಂದ ಪರದೇಶದ ಮಕ್ಕಳು ಸಂಜೆ ಬಸ್ಸಿಳಿದು ನಮ್ಮಲ್ಲಿಗೆ ಬರುತ್ತಾರೆ. ನನ್ನ ಸೊಸೆ ಅವರಿಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಹೇಳಿಕೊಡುತ್ತಾಳೆ. ಬರೆಯುವುದಲ್ಲ, ಬರೀ ಮಾತಾಡುವುದು. ಮಾತಾಡಲಿಕ್ಕೂ ಟ್ಯೂಷನ್ ಬೇಕಾಗುತ್ತದೆ ಎಂದು ಗೊತ್ತಾದಾಗ ನನಗೆ ನಗು ಬಂದಿತ್ತು. ನಮ್ಮ ಮನೆಯಲ್ಲಿ ಮಾತು ನಿಲ್ಲಿಸಲಿಕ್ಕೆ ಟ್ಯೂಷನ್ ಬೇಕು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗಿರುವ ಇಂಗ್ಲಿಷ್ ಮಸ್ಕತ್ತಿನದು. ಗಂಡ ಅಲ್ಲಿ ಹೋಟೆಲಿನ ಕೆಲಸದಲ್ಲಿದ್ದಾಗ ಕೆಲವು ವರ್ಷ ನಾನೂ ಜೊತೆಗಿದ್ದೆ. ಪಕ್ಕದ ಮನೆಯಾಕೆ ಫಿಲಿಪೀನ್ಸಿನವಳು. ನೀರು ನಿಂತರೆ, ಲಿಫ್ಟ್ ಕೆಟ್ಟರೆ, ಅವಳ ಮಗು ನನ್ನ ಮಗನನ್ನು ಕಚ್ಚಿದರೆ ಇಬ್ಬರಿಗೂ ಇಂಗ್ಲಿಷೇ ಗತಿ. ಹಾಗೆ ಕಲಿತದ್ದು. ಅದರಲ್ಲಿ ವ್ಯಾಕರಣ ಇಲ್ಲ ಎನ್ನುತ್ತಾಳೆ ಸೊಸೆ. ಇಲ್ಲದಿದ್ದರೆ ಇಲ್ಲ. ಜಗಳಕ್ಕೆ ಸಾಕಾಗುತ್ತಿತ್ತು.

ಒಂದು ವರ್ಷ ಬಂದವರಲ್ಲಿ ಒಬ್ಬಳು ಮಡಗಾಸ್ಕರ್ ಎಂಬ ದ್ವೀಪದವಳು. ಫಿಸಿಯೋಥೆರಪಿ ಓದುತ್ತಿದ್ದಳು. ಕೈಕಾಲು, ಸೊಂಟ ಹಿಡಿದವರಿಗೆ ವ್ಯಾಯಾಮ ಮಾಡಿಸಿ ಸರಿಮಾಡುವ ವಿದ್ಯೆ. ಬರೆಯಲು ಕೊಟ್ಟರೆ ಒಳ್ಳೆಯ ಮಾರ್ಕು. ಬಾಯಿಗೆ ಮಾತ್ರ ಬೀಗ. ಅವರ ಊರಿನಲ್ಲಿ ದೊಡ್ಡ ಕ್ಲಾಸಿನ ಪಾಠವೆಲ್ಲ ಫ್ರೆಂಚಿನಲ್ಲಂತೆ. ಪರೀಕ್ಷಕರ ಎದುರು ಬಾಯಿಯಲ್ಲಿ ಉತ್ತರ ಹೇಳುವ ವೈವಾ ಎಂಬ ಪರೀಕ್ಷೆಯಲ್ಲಿ ತುಟಿ ಬಿಚ್ಚದೆ ನಿಂತು ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು.

"ಹೋದ್ರೆ ಮತ್ತೆ ಅವಳಿಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ ಮಾಮಿ," ಎಂದಳು ಸೊಸೆ. "ಅವಳ ಬಾಯಿ ಬಿಡಿಸ್ಲಿಕ್ಕೆ ಆಗದಿದ್ರೆ ನಾನೊಂದು ಎಂತ ಟೀಚರ್?"

ಸೊಸೆಯ ಪಾಠವನ್ನು ನಾನು ಮನೆ ಎದುರಿನ ಸಿಟೌಟಿನಲ್ಲಿ, ಒಂದು ಬದಿಗೆ ಕೂತು ಕಾಯಿ ತುರಿಯುತ್ತ ಕೇಳುತ್ತಿದ್ದೆ. ನಿನ್ನ ಹವ್ಯಾಸ ಯಾವುದು, ನಿನ್ನ ಮೆಚ್ಚಿನ ಋತು ಯಾವುದು ಎಂದು ಅವಳು ಕೇಳುವುದು. ಮಕ್ಕಳು ಪುಸ್ತಕದಲ್ಲಿದ್ದ ಹಾಗೆ ಉತ್ತರ ಕೊಡುವುದು. ಲೋಕದಲ್ಲಿ ಯಾರಾದರೂ ಯಾರಿಗಾದರೂ ಮೆಚ್ಚಿನ ಋತು ಕೇಳಿದ್ದನ್ನು ನಾನು ಕಂಡಿಲ್ಲ. ಆ ಹುಡುಗಿಯ ಸರದಿ ಬಂದರೆ ಎಲ್ಲರೂ ಕಾಯುವುದು. ಅವಳು ತಲೆಯೊಳಗೆ ವಾಕ್ಯ ಕಟ್ಟಿ, ಒಡೆದು, ಮತ್ತೆ ಕಟ್ಟಿ, ಕಡೆಗೆ "ಸಾರಿ ಮಿಸ್" ಎನ್ನುವುದು.

ಒಂದು ಸಂಜೆ ಹಾಗೆ ಕಾಯುತ್ತಿದ್ದಾಗ ಅವಳ ಕಣ್ಣೆಲ್ಲ ನನ್ನ ಮೇಲೆ. ನಾನು ತುರಿಮಣೆಯ ಮೇಲೆ ಒಂದು ಕಾಲು ಮಡಚಿ, ತಕರಾರಿನ ಬಲಗಾಲನ್ನು ಚಾಚಿ ಕೂತಿದ್ದೆ.

"ವಾಟ್ ಲುಕಿಂಗ್?" ಎಂದೆ. "ಓಲ್ಡ್ ಲೇಡಿ ನಾಟ್ ಸೀಯಿಂಗ್ ಬಿಫೋರ್?"

ಸೊಸೆ ಹಣೆ ಹಿಡಿದುಕೊಂಡಳು.

"ಯು ಸಿಟ್ ರಾಂಗ್," ಎಂದಳು ಹುಡುಗಿ.

ಉಳಿದ ಮಕ್ಕಳು ಒಟ್ಟಿಗೆ ತಿರುಗಿ ನೋಡಿದರು. ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಅದೂ ನನ್ನ ತಪ್ಪು ತೋರಿಸಲಿಕ್ಕೆ.

"ಫ್ರಮ್ ಮ್ಯಾರೇಜ್ ಐ ಸಿಟ್ ಲೈಕ್ ದಿಸ್," ಎಂದೆ.

"ಫ್ರಮ್ ಮ್ಯಾರೇಜ್ ರಾಂಗ್."

ಸಿಟ್ಟು ಬಂತು. ಉತ್ತರ ಮಾತ್ರ ಚೆನ್ನಾಗಿತ್ತು.

ಅವಳು ಎದ್ದು ಬಂದು ನನ್ನ ಮೊಣಗಂಟನ್ನು ಅಲ್ಲಲ್ಲಿ ಒತ್ತಿ ನೋಡಿದಳು. "ಪೇನ್?"

"ನೋ ಪೇನ್‌ಗೀನ್. ಓನ್ಲಿ ಕ್ಯಾಚಿಂಗ್."

ಕಾಲು ಹಿಡಿದಿದೆ, ಸೊಂಟ ಹಿಡಿದಿದೆ ಎನ್ನುತ್ತೇವಲ್ಲ, ಅದನ್ನೇ ನಾನು ಇಂಗ್ಲಿಷಿಗೆ ತಿರುಗಿಸಿದ್ದು. ಅವಳು ಗೊಂದಲದಲ್ಲಿ ಹಿಂದೆ ಮುಂದೆ ನೋಡಿ, "ಹೂ ಈಸ್ ಕ್ಯಾಚಿಂಗ್?" ಎಂದಳು. ಯಾರು ಹಿಡಿಯುವುದು ಎಂದು.

"ನೋಬಡಿ. ಬೈ ಇಟ್‌ಸೆಲ್ಫ್ ಕ್ಯಾಚಿಂಗ್."

ಸೊಸೆಗೆ ತಡೆಯಲಾಗಲಿಲ್ಲ. "ಮಾಮಿ, ಅದಕ್ಕೆ ಸ್ಟಿಫ್ ಅಂತ ಹೇಳ್ಬೇಕು. ಪೇನ್‌ಗೀನ್ ಅಂತ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಇವಳಿಗೆ ಅದನ್ನೆಲ್ಲ ಕಲಿಸ್ಬೇಡಿ."

"ನಾನೆಲ್ಲಿ ಕಲಿಸಿದ್ದು ಮಾರಾಯ್ತಿ? ಅವಳು ಕೇಳಿದ್ಳು, ನಾನು ಹೇಳಿದೆ."

ಹುಡುಗಿ ತನ್ನಷ್ಟಕ್ಕೆ "ಪೇನ್‌ಗೀನ್, ಪೇನ್‌ಗೀನ್" ಎಂದು ಬಾಯಿಗೆ ಹಾಕಿ ನೋಡುತ್ತಿದ್ದಳು. ಅವರ ಭಾಷೆಯಲ್ಲಿಯೂ ಒಂದು ಮಾತನ್ನು ಎರಡೆರಡು ಸಲ ಹೇಳುವ ಕ್ರಮ ಉಂಟಂತೆ. ಅವಳಿಗೆ ಕಲ್ಲುಸಕ್ಕರೆ ಸಿಕ್ಕಿದ ಹಾಗಾಯಿತು.

ಆಮೇಲೆ ಪ್ರತಿ ಸಂಜೆ ಬಂದವಳು ಮೊದಲು ನನ್ನ ಹತ್ತಿರ. ಫೀವರ್‌ಗೀವರ್? ಬೀಪಿಗೀಪಿ? ಶುಗರ್‌ಗಿಗರ್? ನಾನು ಇಲ್ಲ ಎನ್ನುವುದು, ಅವಳು ನಂಬದಿರುವುದು. ತುರಿಮಣೆ ಬೇಡ, ಕುರ್ಚಿಯಲ್ಲಿ ಕೂರಬೇಕು ಎಂದಳು. ನಿನ್ನ ಕುರ್ಚಿಗೆ ಕಾಯಿ ತುರಿಯಲಿಕ್ಕೆ ಬರುತ್ತದಾ ಎಂದೆ. ಗೋಡೆ ಹಿಡಿದು ಕಾಲೆತ್ತುವ ವ್ಯಾಯಾಮ ಮಾಡಿದೆಯಾ ಎಂದು ಕೇಳುವಳು. ಮಾಡಿದೆ ಎನ್ನುವೆ. ಮೊಣಗಂಟು ಮುಟ್ಟಿ "ಲೈ" ಎನ್ನುವಳು, ಸುಳ್ಳು ಎಂದು. ಮೊದಲೆಲ್ಲ ಮಾತಿಗೆ ತಡಕಾಡುತ್ತಿದ್ದವಳು ನನ್ನನ್ನು ಬೈಯುವಾಗ ತಡಕಾಡಲೇ ಇಲ್ಲ.

ಸೊಸೆ ಬುದ್ಧಿವಂತೆ. ಹವ್ಯಾಸ, ಋತು ಎಲ್ಲ ಬಿಟ್ಟಳು. ನನ್ನನ್ನೇ ರೋಗಿ ಮಾಡಿ ಹುಡುಗಿಯನ್ನು ಎದುರು ಕೂರಿಸಿದಳು. ನಮ್ಮ ಜಗಳ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಅದನ್ನೇ ಸರಿಯಾದ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತೋರಿಸಿದಳು. ಮಧ್ಯದಲ್ಲಿ ತಿದ್ದದೆ ಕೂರುವುದು ಅವಳಿಗೆ ನನ್ನ ವ್ಯಾಯಾಮಕ್ಕಿಂತ ಕಷ್ಟವಾಯಿತು. ಸೆರಗು ಹಿಂಡಿ ಹಿಂಡಿ ಕೂತಿರುತ್ತಿದ್ದಳು.

ಪರೀಕ್ಷೆಯ ದಿನ ಸೊಸೆಗೆ ಊಟ ಸೇರಲಿಲ್ಲ.

"ಪರೀಕ್ಷೆ ಅವಳದ್ದಾ ನಿನ್ನದ್ದಾ?" ಎಂದೆ.

"ನೀವು ಸುಮ್ನಿರಿ ಮಾಮಿ. ಅವಳು ಅಲ್ಲಿ ಹೋಗಿ ಪೇನ್‌ಗೀನ್ ಅಂದ್ರೆ?"

ಅದು ನನ್ನ ತಲೆಗೆ ಹೋಗಿರಲಿಲ್ಲ. ಮತ್ತೆ ನನಗೂ ಮೀನು ರುಚಿಸಲಿಲ್ಲ.

ಬೀದಿ ದೀಪ ಹತ್ತುವ ಹೊತ್ತಿಗೆ ಹುಡುಗಿ ಬಂದಳು. ಮುಖ ನೋಡಿದರೇ ಗೊತ್ತಾಯಿತು. "ಪಾಸ್," ಎಂದವಳು ಚಪ್ಪಲಿ ಬಿಡುವ ಮೊದಲೇ ಕತೆ ಸುರು ಮಾಡಿದಳು. ಪಾಣೆಮಂಗಳೂರಿನಲ್ಲಿರುವ ತನ್ನ ಅಂಗಡಿಯನ್ನು ಬೇಗ ಮುಚ್ಚಿ ಆಗಷ್ಟೇ ಬಂದ ನನ್ನ ಮಗ ಚಹಾ ಹಿಡಿದು ಕೂತಿದ್ದ. ಅವನನ್ನೇ ಪರೀಕ್ಷಕ ಮಾಡಿ, ನಡೆದದ್ದನ್ನೆಲ್ಲ ಆಡಿ ತೋರಿಸಿದಳು.

ಪರೀಕ್ಷಕರು ಬೆಳ್ತಂಗಡಿ ಕಡೆಯ ಹಿರಿಯರು. ತಾನು ರೋಗಿ, ನೀನು ಕೇಳು ಎಂದರಂತೆ. ಇವಳ ಬಾಯಿಗೆ ಎಂದಿನಂತೆ ಬೀಗ. ಅವರು ಕಾದರು. ಇವಳು ಓಡಿಹೋಗುವ ಎಂದು ಬಾಗಿಲು ನೋಡಿದಳು. ಆಗ ಮೇಜಿನಡಿಯಲ್ಲಿ ಅವರ ಕಾಲು ಕಾಣಿಸಿತು. ಒಂದನ್ನು ಮಡಚಿ, ಒಂದನ್ನು ಚಾಚಿ.

"ಸರ್, ಯು ಸಿಟ್ ರಾಂಗ್," ಎಂದಳಂತೆ.

ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. "ಪೇನ್‌ಗೀನ್ ಉಂಟಾ, ಆರ್ ಓನ್ಲಿ ಕ್ಯಾಚಿಂಗ್?" ಎಂದು ಕೇಳಿದಳಂತೆ.

"ಕ್ಯಾಚಿಂಗ್," ಎಂದರಂತೆ ಅವರು. "ಬೆಳಿಗ್ಗೆ ಏಳುವಾಗ ಭಾರೀ ಕ್ಯಾಚಿಂಗ್."

ಪುಸ್ತಕದ ರೋಗಿಯ ಕತೆ ಅಲ್ಲಿಗೆ ಮುಗಿಯಿತು. ತಾನು ಪರೀಕ್ಷಕ ಎಂಬುದನ್ನು ಮರೆತು ಅವರು ದಿನಾ ಬಸ್ಸಿನಲ್ಲಿ ನಿಂತು ಬರುವುದು, ಮೆಟ್ಟಿಲು ಇಳಿಯುವ ಕಷ್ಟ ಎಲ್ಲ ಹೇಳಿಕೊಂಡರು. ಶುಗರ್‌ಗಿಗರ್ ಕೇಳಿದ್ದಕ್ಕೆ, "ಉಂಟು, ಸ್ವಲ್ಪ," ಎಂದು ಕನ್ನಡದಲ್ಲಿಯೇ ಒಪ್ಪಿಕೊಂಡರು. ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕಿ ಕೆಮ್ಮಿದ ಮೇಲೆ ಅವರಿಗೆ ಎಚ್ಚರವಾದದ್ದು. ಕಾಯಿಲೆ ಏನು, ಚಿಕಿತ್ಸೆ ಏನು ಎಂದು ಕಡೆಗೆ ಹೇಳಬೇಕಾದಾಗ ಇವಳು ಸೊಸೆ ಕಲಿಸಿದ ಸ್ಟಿಫ್‌ನೆಸ್ಸನ್ನೇ ಹೇಳಿದಳು, ತಪ್ಪಿಲ್ಲದ ಉದ್ದುದ್ದ ವಾಕ್ಯದಲ್ಲಿ. ಅದನ್ನು ಕೇಳಿ ಸೊಸೆಯ ಉಸಿರು ಕೆಳಗಿಳಿಯಿತು.

"ಮತ್ತೆ ಅವ್ರು ಎಂತ ಹೇಳಿದ್ರು?" ಎಂದು ಸೊಸೆ ಇಂಗ್ಲಿಷ್ ಮರೆತು ಕೇಳಿದಳು.

ಹುಡುಗಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಪೇನ್‌ಗೀನನ್ನು ಉತ್ತರ ಪತ್ರಿಕೆಯಲ್ಲಿ ಬರೆಯಬೇಡ ಎಂದರಂತೆ. ಹೊರಡುವಾಗ ಮೆಲ್ಲಗೆ ಕರೆದು, ಗೋಡೆ ಹಿಡಿದು ಮಾಡುವ ವ್ಯಾಯಾಮವನ್ನು ಇನ್ನೊಮ್ಮೆ ತೋರಿಸು ಎಂದರಂತೆ.

ಅಷ್ಟಕ್ಕೇ ಬಿಡದೆ ಅವಳು ನನ್ನ ಮಗನ ಕಡೆ ತಿರುಗಿದಳು. "ಯು? ಶುಗರ್‌ಗಿಗರ್?"

"ನೋ, ನೋ."

"ಲೈ. ಇನ್ ಟೀ ಥ್ರೀ ಸ್ಪೂನ್."

"ಸ್ಪೂನ್ಸ್," ಎಂದು ಸೊಸೆ ಕಣ್ಣೊರೆಸಿಕೊಂಡು ತಿದ್ದಿದಳು.

ಹುಡುಗಿ ನನ್ನ ಮಗನ ಕೈಯಿಂದ ಲೋಟ ಕಿತ್ತುಕೊಂಡು ಚಹಾವನ್ನು ತಾನೇ ಕುಡಿದಳು. ಓದು ಮುಗಿಯುವವರೆಗೆ ಇಲ್ಲಿಯೇ ಇರುವವಳು, ಅವಳಿಗೆ ಇನ್ನು ನಾಚಿಕೆ ಯಾಕೆ.